ಬೀದರ: ಕೆಂಪು ಕಲ್ಲಿನ ಕೋಟೆ, ಅದರೊಳಗಿನ ಊರು

ಬೇಗಂಪೇಟೆಯ ರೈಲು ನಿಲ್ದಾಣವನ್ನು ಹಾದುಹೋಗುವ ಹಳಿ ಲಿಂಗಂಪಲ್ಲಿಯನ್ನು ದಾಟಿ ವಿಕಾರಾಬಾದಿನಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ವಾಡಿಯ ಕಡೆಗೆ, ಇನ್ನೊಂದು ಜಹೀರಾಬಾದಿನ ಮೂಲಕ ಬೀದರಿಗೆ. ರಸ್ತೆಯಲ್ಲಿ ಹೋದರೆ ಹೈದರಾಬಾದಿನಿಂದ ಬೀದರಿಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿಗಿಂತ ನಮಗೆ ಎಷ್ಟೋ ಹತ್ತಿರವಿರುವ ಕರ್ನಾಟಕದ ಜಿಲ್ಲಾ ಕೇಂದ್ರವಿದು. ಬೀದರ, ಭಾಲ್ಕಿ, ಹುಮನಾಬಾದ, ಔರಾದ, ಬಸವಕಲ್ಯಾಣಗಳಿಂದ ಬಂದು ಎರಡು ಮೂರು ತಲೆಮಾರುಗಳಿಂದ ಈ ಮಹಾನಗರದಲ್ಲಿ ನೆಲೆ ನಿಂತ ಕನ್ನಡ ಮನೆತನಗಳು ಕಡಿಮೆಯೇನಿಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು: ಬೀದರದ ಕೋಟೆಯನ್ನು ಒಂದು ಭಾನುವಾರ ನೋಡಿ ಬಂದವರು ನಮ್ಮಲ್ಲಿ ಹಲವರು; ಬೀದರವೆಂಬ ಊರನ್ನು ನೋಡಿ ಬಂದವರು ಕೆಲವರೇ. ಕೋಟೆ, ಪೇಟೆ, ನೀರು, ಕಸುಬು ಇವೆಲ್ಲ ಒಂದೇ ಶರೀರದ ಅಂಗಗಳಾಗಿ ಬೆಳೆದ ಊರು ಅದು. ಅದರ ಚರಿತ್ರೆಯನ್ನೂ ಇಂದಿನ ಬಾಳನ್ನೂ ಒಟ್ಟಾಗಿ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನೆಲದ ಗುಣ

ಬೀದರದ ಕಥೆಯನ್ನು ಅರಸರಿಂದ ಆರಂಭಿಸುವುದು ವಾಡಿಕೆ. ನೆಲದಿಂದ ಆರಂಭಿಸುವುದೇ ಸರಿಯೆಂದು ನಮಗೆ ತೋರುತ್ತದೆ. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವ ಪ್ರಸ್ಥಭೂಮಿಯೊಂದರ ಅಂಚಿನಲ್ಲಿ ಈ ಊರು ನಿಂತಿದೆ. ದಖ್ಖನ್ನಿನ ಕಪ್ಪು ಬಂಡೆಯ ಮೇಲೆ ಇಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿನ ದಪ್ಪನೆಯ ಹಾಸು ಇದೆ. ಈ ಕಲ್ಲು ನೆಲದಿಂದ ತೆಗೆಯುವಾಗ ಮೆದುವಾಗಿರುತ್ತದೆ. ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಮೈತುಂಬ ರಂಧ್ರಗಳಿರುವುದರಿಂದ ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಹೀರಿದ ನೀರು ಕೆಳಗಿನ ಕಪ್ಪು ಬಂಡೆಯನ್ನು ಸುಲಭವಾಗಿ ಭೇದಿಸಲಾರದೆ ಅದರ ಮೇಲೆಯೇ ಹರಿದು, ಪ್ರಸ್ಥಭೂಮಿಯ ಅಂಚುಗಳಲ್ಲಿ ಝರಿಯಾಗಿ ಹೊರಬೀಳುತ್ತದೆ. ಶತ್ರು ಏರಲಾಗದ ಕಡಿದಾದ ಅಂಚು, ಕಟ್ಟಲು ಯೋಗ್ಯವಾದ ಕಲ್ಲು, ಎತ್ತರದಲ್ಲಿದ್ದೂ ಬತ್ತದ ನೀರು: ಕೋಟೆಯೊಂದಕ್ಕೆ ಬೇಕಾದ ಮೂರನ್ನೂ ಒಂದೇ ನೆಲ ಕೊಟ್ಟಿತು. ಮುಂದೆ ಹೇಳಲಿರುವ ಬಿದರಿ ಕಸುಬಿನ ಕಪ್ಪು ಬಣ್ಣಕ್ಕೂ ಈ ಕೋಟೆಯ ಮಣ್ಣೇ ಮೂಲ.

ಊರಿನ ಹೆಸರು ಬಿದಿರಿನಿಂದ ಬಂತೆಂಬುದು ಬಳಕೆಯಲ್ಲಿರುವ ವಿವರಣೆ. ಮಹಾಭಾರತದ ವಿದುರನ ಊರೆಂಬ ಐತಿಹ್ಯವೂ ಉಂಟು. ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಯ ಕೇಂದ್ರವಾಗಿದ್ದದ್ದು ಬೀದರವಲ್ಲ, ಚಾಲುಕ್ಯರ ರಾಜಧಾನಿಯಾಗಿ ಬಸವಣ್ಣನವರ ಕಾರ್ಯಕ್ಷೇತ್ರವಾಗಿದ್ದ ಕಲ್ಯಾಣ. ಬೀದರಿಗೆ ರಾಜಯೋಗ ಬಂದದ್ದು ಬಹುಕಾಲದ ನಂತರ.

ಬಹಮನಿ ರಾಜಧಾನಿ

1347ರಲ್ಲಿ ದೆಹಲಿಯ ತುಘಲಕರಿಂದ ಬೇರ್ಪಟ್ಟು ಸ್ಥಾಪನೆಯಾದ ಬಹಮನಿ ರಾಜ್ಯದ ಮೊದಲ ರಾಜಧಾನಿ ಗುಲಬರ್ಗಾ, ಇಂದಿನ ಕಲಬುರಗಿ. 1422ರಲ್ಲಿ ಪಟ್ಟವೇರಿದ ಅಹಮದ್ ಶಾಹನು ಅಣ್ಣ ಫಿರೋಜ್ ಶಾಹನೊಡನೆ ಕಲಹ ನಡೆಸಿಯೇ ಸಿಂಹಾಸನಕ್ಕೆ ಬಂದವನು. ಹಳೆಯ ರಾಜಧಾನಿಯಲ್ಲಿ ಅವನ ಮನಸ್ಸು ನಿಲ್ಲಲಿಲ್ಲ. ರಾಜ್ಯದ ನಡುವೆ ಇರುವ, ಹವೆ ಹಿತವಾದ ಬೀದರಿಗೆ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಒಯ್ದು ಅದಕ್ಕೆ ಮುಹಮ್ಮದಾಬಾದ್ ಎಂದು ಹೆಸರಿಟ್ಟನು. ಕೋಟೆಯ ಬಹುಭಾಗ ಅವನ ಕಾಲದ್ದು.

ಈ ಕೋಟೆಯಲ್ಲಿ ನಮ್ಮನ್ನು ಮೊದಲು ತಡೆದು ನಿಲ್ಲಿಸುವುದು ಅರಮನೆಗಳಲ್ಲ, ಕಂದಕ. ಪೇಟೆಯ ಕಡೆಗೆ ಇಳಿಜಾರಿನ ರಕ್ಷಣೆ ಇಲ್ಲದ್ದರಿಂದ ಅಲ್ಲಿ ಕೆಂಪು ಕಲ್ಲನ್ನೇ ಕಡಿದು ಮೂರು ಸಾಲಿನ ಕಂದಕವನ್ನು ತೋಡಿದ್ದಾರೆ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವಿನ ಗೋಡೆ ಕಟ್ಟಿದ್ದಲ್ಲ. ಕಡಿಯುವಾಗ ಬಿಟ್ಟ ಮೂಲ ಬಂಡೆ. ಕಡಿದ ಕಲ್ಲು ಮೇಲಿನ ಗೋಡೆಗೆ ಹೋಯಿತು. ಅಂದರೆ ಕೋಟೆಯೂ ಕಂದಕವೂ ಒಂದೇ ಬಂಡೆಯ ಎರಡು ರೂಪಗಳು. ಇದಕ್ಕೆ ದುಡಿದ ಸಾವಿರಾರು ಕೈಗಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಪೇಟೆಯ ಕಡೆಯಿಂದ ಒಳಹೋಗುವಾಗ ಶರ್ಜಾ ದರವಾಜಾ ಎದುರಾಗುತ್ತದೆ. 1503ರ ಶಾಸನವಿರುವ ಈ ಬಾಗಿಲ ಮೇಲೆ ಎರಡು ಹುಲಿಗಳ ಉಬ್ಬುಶಿಲ್ಪವಿದೆ. ಅದನ್ನು ದಾಟಿದರೆ ಭಾರಿ ಗುಮ್ಮಟದ ಗುಂಬದ್ ದರವಾಜಾ. ಅದರ ಬಳಿಯಲ್ಲಿಯೇ ರಂಗೀನ್ ಮಹಲ್. 1542ರಿಂದ 1580ರವರೆಗೆ ಆಳಿದ ಅಲಿ ಬರೀದನ ಕಾಲದ ಈ ಚಿಕ್ಕ ಅರಮನೆಯಲ್ಲಿ ಕರಿಯ ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿ ಬರಹಗಳನ್ನು ಬಿಡಿಸಿದ್ದಾರೆ. ಮರದ ಕಂಬಗಳ ಕೆತ್ತನೆ ನಮ್ಮ ಮಲೆನಾಡಿನ ಹಳೆಯ ಮನೆಗಳ ತೊಟ್ಟಿಯನ್ನು ನೆನಪಿಗೆ ತರುತ್ತದೆ. ಇದಕ್ಕೆ ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಿ, ತೆರೆಸಿಕೊಂಡು ನೋಡಬೇಕು. ಇದನ್ನು ನೋಡದೆ ಬಂದರೆ ಅರ್ಧ ಬೀದರವನ್ನು ನೋಡಿದಂತೆ. ತುಸು ಮುಂದೆ ಸೋಲಾ ಖಂಬ ಮಸೀದಿ. 1423–24ರ ಶಾಸನವಿರುವುದರಿಂದ ಕೋಟೆಯ ಅತ್ಯಂತ ಹಳೆಯ ಕಟ್ಟಡಗಳಲ್ಲಿ ಇದೂ ಒಂದು. ಗಗನ್ ಮಹಲ್, ತರ್ಕಶ್ ಮಹಲ್, ದಿವಾನ್-ಎ-ಆಮ್, ತಖ್ತ್ ಮಹಲ್‌ಗಳು ಒಂದಾದ ಮೇಲೊಂದು ಬರುತ್ತವೆ. ತಖ್ತ್ ಮಹಲಿನ ಕಮಾನಿನ ಮೂಲೆಯಲ್ಲಿ ಹುಲಿಯ ಬೆನ್ನ ಹಿಂದೆ ಉದಯಿಸುವ ಸೂರ್ಯನ ಚಿತ್ರದ ಬಣ್ಣದ ಮೆರುಗುಬಿಲ್ಲೆಗಳು ಇನ್ನೂ ಉಳಿದಿವೆ. ಬುರುಜುಗಳ ಮೇಲೆ ಭಾರಿ ತೋಪುಗಳು ಬಯಲಿಗೆ ಮುಖಮಾಡಿ ಮಲಗಿವೆ.

ಪರದೇಶಿ ಮಂತ್ರಿ

ಅಹಮದ್ ಶಾಹನ ಕಾಲದಿಂದ ಇರಾನ್, ಇರಾಕ್, ತುರ್ಕಿ, ಮಧ್ಯ ಏಷ್ಯಾಗಳಿಂದ ವಿದ್ವಾಂಸರು, ಸೈನಿಕರು, ಶಿಲ್ಪಿಗಳು ಬೀದರಿಗೆ ಬಂದು ನೆಲಸಿದರು. ಇವರನ್ನು ಆಫಾಕಿಗಳೆಂದೂ ಮೊದಲೇ ನೆಲೆಸಿದ್ದವರನ್ನು ದಖ್ಖನಿಗಳೆಂದೂ ಕರೆಯುತ್ತಿದ್ದರು. ಈ ಎರಡು ಪಂಗಡಗಳ ಮತ್ಸರ ಬಹಮನಿ ಆಸ್ಥಾನವನ್ನು ಒಳಗಿನಿಂದ ಕೊರೆಯುತ್ತಾ ಹೋಯಿತು. ಪರವೂರಿನಲ್ಲಿ ಬಾಳು ಕಟ್ಟಿಕೊಂಡ ನಮ್ಮಂಥವರಿಗೆ ಈ ಅಧ್ಯಾಯ ತುಸು ಹೆಚ್ಚಾಗಿಯೇ ಮನಸ್ಸಿಗೆ ತಟ್ಟುತ್ತದೆ.

ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದ ಮಹಮೂದ್ ಗವಾನನು ಮಂತ್ರಿಪದವಿಗೇರಿ ರಾಜ್ಯವನ್ನು ಸಮುದ್ರದಿಂದ ಸಮುದ್ರದವರೆಗೆ ವಿಸ್ತರಿಸಿದನು. 1472ರಲ್ಲಿ ವಿಜಯನಗರದಿಂದ ಗೋವೆಯನ್ನು ಗೆದ್ದವನೂ ಅವನೇ. ಅದೇ ವರ್ಷ ಬೀದರದ ಪೇಟೆಯ ನಡುವೆ ತನ್ನ ಮದರಸಾವನ್ನು ಕಟ್ಟಿ ಮುಗಿಸಿದವನೂ ಅವನೇ. 205 ಅಡಿ ಉದ್ದ, 180 ಅಡಿ ಅಗಲದ ಮೂರಂತಸ್ತಿನ ಈ ವಿದ್ಯಾಲಯದಲ್ಲಿ ಅಧ್ಯಾಪಕರ ಮನೆಗಳು, ವಿದ್ಯಾರ್ಥಿಗಳ ಕೋಣೆಗಳು, ಗ್ರಂಥಾಲಯ, ಮಸೀದಿ ಎಲ್ಲವೂ ಇದ್ದವು. ಮುಂಭಾಗದಲ್ಲಿ ಎರಡು ಮಿನಾರುಗಳಿದ್ದು, ಉಳಿದಿರುವುದು ಒಂದೇ. ಅದರ ಎತ್ತರ 131 ಅಡಿ. ಮೊಗಲರ ಕಾಲದಲ್ಲಿ, 1690ರ ದಶಕದಲ್ಲಿ, ಇಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಇನ್ನೊಂದು ಮಿನಾರೂ ಮುಂಭಾಗದ ಅರ್ಧವೂ ನೆಲಸಮವಾದವು. ಓದಿಗಾಗಿ ಕಟ್ಟಿದ ಮನೆಯಲ್ಲಿ ಮದ್ದು ತುಂಬಿದ ಫಲವದು. ಉಳಿದ ಮಿನಾರಿನ ಮೇಲಿನ ನೀಲಿ, ಹಸಿರು, ಬಿಳಿ ಬಿಲ್ಲೆಗಳ ಅಂಕುಡೊಂಕು ಸಾಲುಗಳನ್ನು ಸಂಜೆಯ ಬಿಸಿಲಿನಲ್ಲಿ ನೋಡಬೇಕು.

ಗವಾನನ ಅಂತ್ಯ ದಾರುಣ. ವಿರೋಧಿಗಳು ಅವನ ಮುದ್ರಾಧಿಕಾರಿಗೆ ಲಂಚ ಕೊಟ್ಟು ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡು, ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಆಹ್ವಾನಿಸುವ ಪತ್ರವನ್ನು ಅದರಲ್ಲಿ ಬರೆದರು. ಕುಡಿದ ಅಮಲಿನಲ್ಲಿದ್ದ ಮೂರನೆಯ ಮುಹಮ್ಮದ್ ಶಾಹನು ವಿಚಾರಣೆಯಿಲ್ಲದೆ 1481ರಲ್ಲಿ ಎಪ್ಪತ್ತು ದಾಟಿದ ಮಂತ್ರಿಯ ಶಿರಚ್ಛೇದ ಮಾಡಿಸಿದನು. ಮರುವರ್ಷವೇ ಸುಲ್ತಾನನೂ ತೀರಿಕೊಂಡನು. ರಾಜ್ಯ ಆ ಪೆಟ್ಟಿನಿಂದ ಮೇಲೇಳಲಿಲ್ಲ.

ಗವಾನನ ಅಧಿಕಾರದ ಉಚ್ಛ್ರಾಯದ ದಿನಗಳಲ್ಲಿಯೇ, 1470ರ ಆಸುಪಾಸಿನಲ್ಲಿ, ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಬೀದರಿಗೆ ಬಂದಿದ್ದನು. ಮಾರಲೆಂದು ಅವನು ಅಷ್ಟು ದೂರ ತಂದಿದ್ದದ್ದು ಒಂದೇ ಒಂದು ಕುದುರೆ. ಸುಲ್ತಾನನ ಸವಾರಿಯ ಆನೆ, ಚಿನ್ನ, ವಾದ್ಯಗಳ ವೈಭವವನ್ನು ಬೆರಗಿನಿಂದ ಬರೆದ ಅವನೇ, ಸರದಾರರು ಸಿರಿಯಲ್ಲಿ ಮುಳುಗಿದ್ದರೆ ಹಳ್ಳಿಗಾಡಿನ ಜನ ಕಡುಬಡವರೆಂದೂ ಗುರುತಿಸಿದ್ದಾನೆ. ಆಸ್ಥಾನದ ಚರಿತ್ರಕಾರರ ಕಣ್ಣಿಗೆ ಸುಲಭವಾಗಿ ಬೀಳದ ಸಂಗತಿಯಿದು.

ಬೀದರದಿಂದ ಗೋಲ್ಕೊಂಡಕ್ಕೆ

ಬಹಮನಿ ರಾಜ್ಯ ಒಡೆದು ಐದು ಹೋಳಾಯಿತು: ಬಿಜಾಪುರ, ಅಹಮದನಗರ, ಬೀರಾರ, ಗೋಲ್ಕೊಂಡ, ಮತ್ತು ಬೀದರ ತಾನೇ. ಇರಾನಿನ ಹಮದಾನಿನಿಂದ ಬಂದು ಬಹಮನಿ ಆಸ್ಥಾನದಲ್ಲಿ ಏಳ್ಗೆ ಕಂಡ ಸುಲ್ತಾನ್ ಕುಲಿಯೇ ಗೋಲ್ಕೊಂಡದ ಕುತುಬ್‌ಶಾಹಿ ವಂಶದ ಮೂಲಪುರುಷ. ಆ ವಂಶದ ಮುಹಮ್ಮದ್ ಕುಲಿ 1591ರಲ್ಲಿ ಹೈದರಾಬಾದನ್ನು ಕಟ್ಟಿದನು. ಹೀಗೆ ನೋಡಿದರೆ ನಾವು ವಾಸಿಸುವ ಈ ನಗರ ಬೀದರದ ಮೊಮ್ಮಗಳು. ಬೀದರವನ್ನು ಯಾವುದೋ ದೂರದ ಗಡಿಯೂರೆಂದು ಇಲ್ಲಿನವರು ಮಾತನಾಡುವಾಗ ನಮಗೆ ಈ ನಂಟು ನೆನಪಾಗುತ್ತದೆ.

ಬೀದರದಲ್ಲಿ ಉಳಿದ ಬರೀದ್‌ಶಾಹಿಗಳು ಸಣ್ಣ ಅರಸರು. ಆದರೆ ಪೇಟೆಯ ಸುತ್ತಲ ಹೊರಗೋಡೆಯನ್ನು ಕಟ್ಟಿ ಊರನ್ನು ಇಡಿಯಾಗಿ ಕೋಟೆಯೊಳಗೆ ತಂದವರು ಅವರೇ. 1550ರ ದಶಕದಲ್ಲಿ ಅಲಿ ಬರೀದ್ ಕಟ್ಟಿಸಿದ ಆ ಗೋಡೆಗೆ ಐದು ಬಾಗಿಲುಗಳು: ಶಾಹಗಂಜ್, ಫತೇಹ್, ಮಂಗಲಪೇಟೆ, ದುಲ್ಹನ್ ಮತ್ತು ತಾಲಘಾಟ್. 1619ರಲ್ಲಿ ಬೀದರ ಬಿಜಾಪುರಕ್ಕೆ ಸೇರಿತು. 1657ರಲ್ಲಿ ರಾಜಕುಮಾರ ಔರಂಗಜೇಬನು 27 ದಿನಗಳ ಮುತ್ತಿಗೆಯ ನಂತರ ಕೋಟೆಯನ್ನು ಹಿಡಿದನು. ಮದ್ದಿಗೆ ಬೆಂಕಿ ತಗುಲಿ ಕೋಟೆಯ ಅಧಿಪತಿ ಸಿದ್ದಿ ಮರ್ಜಾನ್ ಸುಟ್ಟುಹೋದದ್ದು ಆಗಲೇ. 1724ರಿಂದ ಬೀದರ ಆಸಫ್‌ಜಾಹಿ ನಿಜಾಮರ ಕೈಯಲ್ಲಿತ್ತು.

ನಿಜಾಮರ ಕಾಲದಲ್ಲಿ ಬೀದರ ಸೀಮೆಯ ಅನೇಕ ಹಳ್ಳಿಗಳು ಪೈಗಾ ಮನೆತನದ ಜಾಗೀರುಗಳಾಗಿದ್ದವು. ನಮ್ಮ ಬೇಗಂಪೇಟೆಯಲ್ಲಿರುವ ಪೈಗಾ ಅರಮನೆ, 2008ರಿಂದ 2023ರವರೆಗೆ ಅಮೆರಿಕದ ದೂತಾವಾಸವಿದ್ದ ಕಟ್ಟಡ, ಆ ಮನೆತನದ್ದೇ. ಅದರ ಮುಂದೆ ದಿನವೂ ಓಡಾಡುವ ನಾವು, ಜೋಳದ ಹೊಲಗಳ ಕಂದಾಯಕ್ಕೂ ಇಂಥ ಅರಮನೆಗಳಿಗೂ ಇದ್ದ ನಂಟನ್ನು ಯೋಚಿಸಿದ್ದು ಕಡಿಮೆ.

ಬೀದರದ ಸ್ಮಾರಕಗಳ ಶಾಸ್ತ್ರೀಯ ಅಧ್ಯಯನ ನಡೆದದ್ದೂ ಹೈದರಾಬಾದಿನಿಂದಲೇ. ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿಯವರು ಕಂದಕದಲ್ಲಿ ತುಂಬಿದ್ದ ಮಣ್ಣು, ಅರಮನೆಗಳನ್ನು ಮುಚ್ಚಿದ್ದ ಪೊದೆಗಳನ್ನು ತೆಗೆಸಿ, ಅಳತೆ ಮಾಡಿಸಿ, ಶಾಸನಗಳನ್ನು ಓದಿ 1947ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಬೀದರದ ಬಗ್ಗೆ ಬರೆಯುವವರೆಲ್ಲರ ಆಧಾರ.

ಆದರೆ ಅದೇ ಆಡಳಿತದಲ್ಲಿ ಕನ್ನಡದ ಸ್ಥಿತಿ ಶೋಚನೀಯವಾಗಿತ್ತು. ಆಡಳಿತವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ನಡೆಸಿದ ಸಂಗತಿ ಈ ಸೀಮೆಯ ಮನೆಮನೆಯ ಮಾತು. ನಮ್ಮ ಹಿರಿಯರಲ್ಲಿ ಲೆಕ್ಕಪತ್ರವನ್ನು ಉರ್ದುವಿನಲ್ಲಿ ಬರೆದು, ವಚನವನ್ನು ಬಾಯಲ್ಲಿ ಮಾತ್ರ ಉಳಿಸಿಕೊಂಡವರು ಇದ್ದುದಕ್ಕೆ ಕಾರಣ ಇದು. 1948ರ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವೂ, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸಾಚಾರವೂ ಈ ಮಣ್ಣಿನ ಎರಡು ಗಾಯಗಳು. ಸುಂದರಲಾಲ್ ಸಮಿತಿ ಹಿಂಸೆ ಅತಿಯಾಗಿದ್ದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿದೆ. ಒಂದನ್ನು ಹೇಳಿ ಇನ್ನೊಂದನ್ನು ಮರೆಯುವುದು ಸಲ್ಲದು.

1956ರ ಭಾಷಾವಾರು ಪ್ರಾಂತ ರಚನೆಯಲ್ಲಿ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರು ರಾಜ್ಯಕ್ಕೆ. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಬೀದರದ ಮನೆಗಳಲ್ಲಿ ಸೊಸೆ ಉದಗೀರದವಳಾಗಿ, ಅಳಿಯ ಜಹೀರಾಬಾದಿನವನಾಗಿ, ಮಗ ಹೈದರಾಬಾದಿನಲ್ಲಿ ನೌಕರನಾಗಿರುವುದು ಸಾಮಾನ್ಯ. ಗಡಿ ಬದಲಾದರೂ ಬೀಗತನ ಬದಲಾಗಲಿಲ್ಲ.

ಗೋಡೆಯೊಳಗಿನ ಪೇಟೆ

ಹಳೆಯ ಪೇಟೆಯ ನಡುವೆ, ನಾಲ್ಕು ದಾರಿಗಳು ಕೂಡುವಲ್ಲಿ, 71 ಅಡಿ ಎತ್ತರದ ಗುಂಡನೆಯ ಚೌಬಾರಾ ನಿಂತಿದೆ. ಕಾವಲಿಗಾಗಿ ಕಟ್ಟಿದ ಈ ಗೋಪುರಕ್ಕೆ ಈಗ ಗಡಿಯಾರ ಕೂರಿಸಿದ್ದಾರೆ. ಕಾವಲುಗಾರನ ಬದಲು ಪೇಟೆಯ ಜನ ಅದನ್ನು ನೋಡುತ್ತಾರೆ. ಚೌಬಾರಾದಿಂದ ಮದರಸಾದ ಕಡೆಗೆ ನಡೆಯುವ ಬೀದಿಯಲ್ಲಿ ಬಟ್ಟೆಯಂಗಡಿ, ಅತ್ತರಿನ ಅಂಗಡಿ, ಬಿದರಿ ಅಂಗಡಿಗಳು, ಬೆಳಗಿನ ಹೊತ್ತಿನಲ್ಲಿ ಪೂರಿಯ ಎಣ್ಣೆಯ ವಾಸನೆ. ಊರು ಹಿಂದೆ ಮೊಹಲ್ಲೆಗಳಾಗಿ ಹಂಚಿಕೊಂಡಿದ್ದು, ಒಂದೊಂದಕ್ಕೂ ಒಂದು ತಾಲೀಮಖಾನೆ ಇತ್ತು. ನೂರ್ ಖಾನ್ ತಾಲೀಮ್, ಸಿದ್ದೀಕ್ ಶಾಹ್ ತಾಲೀಮ್ ಮುಂತಾದ ಹೆಸರುಗಳು ಇಂದು ಬಡಾವಣೆಗಳ ಹೆಸರಾಗಿ ಉಳಿದಿವೆ. ಬೀದಿಯ ಮಾತು ಕಿವಿಗೆ ಬೀಳುವಾಗ ಕನ್ನಡ ಎಲ್ಲಿ ಮುಗಿಯಿತು, ದಖ್ಖನಿ ಎಲ್ಲಿ ಆರಂಭವಾಯಿತು ಎಂದು ಹೇಳಲಾಗುವುದಿಲ್ಲ; ನಡುವೆ ಮರಾಠಿಯೂ ತೆಲುಗೂ ಬಂದು ಹೋಗುತ್ತವೆ. ಹೈದರಾಬಾದಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಈ ಮಾತು ಅಪರಿಚಿತವೆನಿಸದು.

ಭಕ್ತಿಯಲ್ಲಿಯೂ ಇದೇ ಬೆರಕೆ. ಊರಿನಿಂದ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳ ಸಾಲಿದೆ. ಅವುಗಳಲ್ಲಿ ಅಹಮದ್ ಶಾಹನ ಗೋರಿಯ ಒಳಗೋಡೆ ಮತ್ತು ಗುಮ್ಮಟದ ತುಂಬ ಚಿನ್ನ, ಕೆಂಪು, ನೀಲಿಯ ಚಿತ್ರಗಳು. ಮುಸ್ಲಿಮರು ಅವನನ್ನು ವಲಿಯೆಂದು ಪೂಜಿಸಿದರೆ, ಲಿಂಗಾಯತರು ಅಲ್ಲಮಪ್ರಭುವೆಂದು ನಮಿಸುತ್ತಾರೆ. ಅವನ ಉರುಸು ನಡೆಯುವುದು ಹೋಳಿ ಹಬ್ಬದ ನಂತರದ ದಿನಗಳಲ್ಲಿ, ಹಿಂದೂ ಪಂಚಾಂಗಕ್ಕೆ ಅನುಸಾರವಾಗಿ. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಶಂಖನಾದದೊಡನೆ ಅದನ್ನು ನಡೆಸಿಕೊಡುವ ಪದ್ಧತಿಯಿದೆ. ಊರಿನ ಇನ್ನೊಂದು ಅಂಚಿನಲ್ಲಿ ಗುರುನಾನಕ ಝೀರಾ. ಗುರುನಾನಕರು ಬಂದಾಗ ಕುಡಿಯುವ ನೀರಿಗೆ ಪರದಾಡುತ್ತಿದ್ದ ಜನರಿಗಾಗಿ ಪಾದುಕೆಯಿಂದ ಕಲ್ಲನ್ನು ಸರಿಸಿ ಸಿಹಿನೀರಿನ ಬುಗ್ಗೆಯನ್ನು ತೋರಿಸಿದರೆಂಬುದು ನಂಬಿಕೆ. ಸಿಖ್ಖರ ಪಂಚ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರದವರು. ಹೀಗಾಗಿ ಪಂಜಾಬಿನ ಯಾತ್ರಿಕರಿಗೆ ಬೀದರ ಮಾರುದೂರದ ಊರಲ್ಲ. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕು. ಗುರುದ್ವಾರದ ಬುಗ್ಗೆಯೂ ನರಸಿಂಹನ ಝರಿಯೂ ಮೊದಲು ಹೇಳಿದ ಕೆಂಪು ಕಲ್ಲಿನ ನೀರೇ.

ಸುರಂಗದ ನೀರು

ಈ ನೀರನ್ನು ಊರಿಗೆ ತರಲು ಬಹಮನಿ ಕಾಲದಲ್ಲಿ ಬಳಸಿದ ಉಪಾಯ ಕರೇಜ್. ಜನರ ಬಾಯಲ್ಲಿ ಸುರಂಗ ಬಾವಿ. ಇರಾನಿನಲ್ಲಿ ಇದಕ್ಕೆ ಕನಾತ್ ಎಂದು ಹೆಸರು; ಅಲ್ಲಿಯ ಕನಾತ್‌ಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಎತ್ತರದಲ್ಲಿ ನೀರು ಸಿಗುವ ತಾಯಿಬಾವಿಯಿಂದ ತುಸುವೇ ಇಳಿಜಾರಾಗಿ ನೆಲದೊಳಗೆ ಸುರಂಗ ತೋಡುತ್ತಾರೆ. ದೂರದೂರಕ್ಕೆ ಮೇಲಿನಿಂದ ಬಾವಿಯಂಥ ಕಂಡಿಗಳನ್ನು ಇಳಿಸುತ್ತಾರೆ. ತೋಡಿದ ಮಣ್ಣನ್ನು ಹೊರಹಾಕಲು, ಗಾಳಿ ಬೆಳಕಿಗೆ, ಮುಂದೆ ಹೂಳೆತ್ತಲು ಇವೇ ದಾರಿ. ಏತವಿಲ್ಲ, ರಾಟೆಯಿಲ್ಲ, ಇಂದಿನ ಮಾತಿನಲ್ಲಿ ಹೇಳುವುದಾದರೆ ವಿದ್ಯುತ್ತಿಲ್ಲ. ನೀರು ತನ್ನ ಭಾರದಿಂದಲೇ ಹರಿದು ಬರುತ್ತದೆ. ಬಿಸಿಲಿಗೆ ಆವಿಯಾಗುವುದಿಲ್ಲ, ಮುತ್ತಿಗೆ ಹಾಕಿದ ಶತ್ರುವಿನ ಕಣ್ಣಿಗೆ ಬೀಳುವುದಿಲ್ಲ.

ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದವಾದದ್ದು. ಶುಕ್ಲತೀರ್ಥದ ಬಳಿ ಇನ್ನೊಂದು, ಜಮ್ನಾ ಮೋರಿ ಎಂಬುದು ಮತ್ತೊಂದು. ನಲ್ಲಿ ನೀರು ಬಂದ ಮೇಲೆ ಇವು ಮರೆತುಹೋದವು. ಕಂಡಿಗಳು ಕಸ ಸುರಿಯುವ ಗುಂಡಿಗಳಾದವು. ಕೆಲವು ಮನೆ, ರಸ್ತೆಗಳ ಅಡಿಗೆ ಸೇರಿದವು. ಸಂಶೋಧಕರು ಸುರಂಗದ ಜಾಡನ್ನು ಗುರುತಿಸಿದ ನಂತರ, ಕಳೆದ ದಶಕದ ನಡುವಿನಲ್ಲಿ ಜಿಲ್ಲಾಡಳಿತ ನೌಬಾದಿನ ಕರೇಜಿನ ಹೂಳೆತ್ತಿಸಿತು. ಮಣ್ಣು ತೆಗೆದಲ್ಲೆಲ್ಲ ನೀರು ಕಾಣಿಸಿತು. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುವ ಸೀಮೆಯಲ್ಲಿ ಆರು ಶತಮಾನ ಹಳೆಯ ಕಾಲುವೆ ಇನ್ನೂ ಹರಿಯುತ್ತಿದೆ ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಒಮ್ಮೆ ಹೂಳೆತ್ತಿದರೆ ಸಾಲದು. ತಾಯಿಬಾವಿಯ ಸುತ್ತಲ ಬಯಲಿನಲ್ಲಿ ಬಡಾವಣೆಗಳೆದ್ದು ನೆಲಕ್ಕೆ ಕಾಂಕ್ರೀಟು ಹಾಸಿದರೆ, ಕೊಳವೆಬಾವಿಗಳು ಕೆಂಪು ಕಲ್ಲಿನ ಕೆಳಗಿನವರೆಗೂ ಇಳಿದರೆ, ಸುರಂಗ ಎಷ್ಟೇ ಸ್ವಚ್ಛವಾಗಿದ್ದರೂ ಬರಿದಾಗುತ್ತದೆ. ಸ್ಮಾರಕದ ಸುತ್ತ ಬೇಲಿ ಹಾಕಬಹುದು. ಮಳೆ ಇಂಗುವ ನೆಲಕ್ಕೆ ಬೇಲಿ ಹಾಕುವುದು ಯಾರ ಹೊಣೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಬೀದರದ ಐತಿಹಾಸಿಕ ನಗರವನ್ನು ಕಾಳಜಿ ಬೇಕಾದ ತಾಣಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ದಖ್ಖನ್ ಸುಲ್ತಾನರ ಸ್ಮಾರಕಗಳು ಎಂಬ ಹೆಸರಿನಲ್ಲಿ ಕಲಬುರಗಿ, ಬೀದರ, ವಿಜಯಪುರ, ಹೈದರಾಬಾದುಗಳು ಒಟ್ಟಾಗಿ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿದವು.

ಬಿದರಿಯ ಕಪ್ಪು

ಊರಿನ ಹೆಸರನ್ನು ಲೋಕಕ್ಕೆ ಕೊಂಡೊಯ್ದದ್ದು ಬಿದರಿ ಕಲೆ. ಇರಾನಿನಿಂದ ಬಂದ ಕುಶಲಿಗಳೊಡನೆ ಈ ವಿದ್ಯೆ ಬಂತೆಂಬುದು ಕುಶಲಕರ್ಮಿಗಳ ಪರಂಪರೆಯ ಮಾತು. ಹೆಚ್ಚು ಸತು, ಅಲ್ಪ ತಾಮ್ರ ಸೇರಿಸಿ ಕರಗಿಸಿದ ಲೋಹವನ್ನು ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನ ಮಣ್ಣಿಗೆ ಹರಳೆಣ್ಣೆಯೂ ರಾಳವೂ ಬೆರೆತಿರುತ್ತವೆ. ಅರದಿಂದ ಉಜ್ಜಿ ನುಣುಪುಗೊಳಿಸಿದ ಮೈಗೆ ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆಗ ಮಾತ್ರ ಚಿತ್ರದ ಗೆರೆ ಕಣ್ಣಿಗೆ ಕಾಣುತ್ತದೆ. ಕೈಬರಹದಿಂದಲೇ ಬಳ್ಳಿ ಹೂಗಳನ್ನು ಗೀಚಿ, ಸಣ್ಣ ಉಳಿಗಳಿಂದ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಬೆಳ್ಳಿಯೂ ಸತುವೂ ಒಂದೇ ಬಣ್ಣಕ್ಕೆ ತಿರುಗಿ ಚಿತ್ರ ಮಾಯವಾದಂತೆ ತೋರುತ್ತದೆ.

ಆಮೇಲೆ ಬರುವುದು ಮಣ್ಣು. ಹಳೆಯ ಕೋಟೆಯೊಳಗೆ, ಬಹುಕಾಲ ಬಿಸಿಲು ಮಳೆ ಕಾಣದ ಜಾಗಗಳ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ಸವರುತ್ತಾರೆ. ಕ್ಷಣಮಾತ್ರದಲ್ಲಿ ಸತು ಕಡುಗಪ್ಪಾಗುತ್ತದೆ. ಬೆಳ್ಳಿ ತನ್ನ ಬಿಳುಪನ್ನು ಬಿಡುವುದಿಲ್ಲ. ಎಣ್ಣೆ ಹಚ್ಚಿ ಒರಸಿದರೆ ಕೆಲಸ ಮುಗಿಯಿತು. ಯಾವ ಮಣ್ಣು ಕೆಲಸಕ್ಕೆ ಬರುತ್ತದೆಂದು ಹಿರಿಯ ಕುಶಲಿಗಳು ನಾಲಿಗೆಯ ಮೇಲಿಟ್ಟು ರುಚಿಯಿಂದಲೇ ತಿಳಿಯುತ್ತಾರೆ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಬಿದರಿಯ ಹುಕ್ಕಾ ಬುಡಗಳಿವೆ. ಅಷ್ಟು ದೂರ ಹೋಗಲಾಗದವರು ನಮ್ಮ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಬಿದರಿ ಸಂಗ್ರಹವನ್ನು ನೋಡಬಹುದು. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಬೆಳ್ಳಿಯ ಬೆಲೆ ಏರಿದಂತೆಲ್ಲ ಕುಶಲಿಯ ಕೂಲಿಗೆ ಉಳಿಯುವ ಪಾಲು ಕುಗ್ಗುತ್ತದೆ. ದಿನವಿಡೀ ಸತುವಿನ ಪುಡಿ, ಹೊಗೆಯ ನಡುವೆ ಬಗ್ಗಿ ಕೂರುವ ಕೆಲಸಕ್ಕೆ ಮಕ್ಕಳನ್ನು ಕಳುಹಿಸಲು ತಂದೆಯರೇ ಹಿಂಜರಿಯುತ್ತಾರೆ. ಅದನ್ನು ತಪ್ಪೆನ್ನಲು ನಮಗೆ ಅಧಿಕಾರವಿಲ್ಲ. ಮದುವೆ, ಸನ್ಮಾನಗಳ ಉಡುಗೊರೆಗೆ ಯಂತ್ರದಲ್ಲಿ 'ಬಿದರಿ ಮಾದರಿ' ಎಂದು ಮಾಡಿದ ಅಗ್ಗದ ವಸ್ತುಗಳನ್ನು ಕೊಳ್ಳುವ ಸಭೆ ಸಂಘಗಳು ಮಾತ್ರ ಯೋಚಿಸಬೇಕು.

ಇಂದಿನ ಬೀದರ

2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಎರಡು ಲಕ್ಷವನ್ನು ದಾಟಿತ್ತು. ಕೋಟೆಯ ಮೇಲೆ ನಿಂತರೆ ಆಕಾಶದಲ್ಲಿ ವಾಯುಪಡೆಯ ತರಬೇತಿ ವಿಮಾನಗಳು ಸದ್ದು ಮಾಡುತ್ತಾ ತಿರುಗುತ್ತವೆ. ವೈಮಾನಿಕ ಪ್ರದರ್ಶನಗಳಿಗೆ ಹೆಸರಾದ ಸೂರ್ಯಕಿರಣ ತಂಡದ ನೆಲೆ ಇದೇ. ಪಶುವೈದ್ಯ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಹಾಗೂ ವೈದ್ಯಕೀಯ ಕಾಲೇಜುಗಳಿಂದಾಗಿ ಓದಿಗಾಗಿ ಹೈದರಾಬಾದಿಗೆ ಬರಲೇಬೇಕೆಂಬ ಹಿಂದಿನ ಅನಿವಾರ್ಯ ಈಗಿಲ್ಲ. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ದೊರೆತ ಮೇಲೆ, 2019ರ ಸೆಪ್ಟೆಂಬರ್ 17ರಂದು ಆ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂದು ಮರುನಾಮಕರಣವಾಯಿತು. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ಪೂರ್ಣಗೊಂಡು, ಬಹಮನಿಗಳ ಎರಡು ರಾಜಧಾನಿಗಳು ನೇರ ಹಳಿಯಿಂದ ಕೂಡಿಕೊಂಡವು. ಇಷ್ಟಾದರೂ ಚಿಕಿತ್ಸೆಗೂ ಮದುವೆಯ ಜವಳಿಗೂ ಬೀದರದವರು ಹತ್ತುವುದು ಹೈದರಾಬಾದಿನ ಬಸ್ಸನ್ನೇ.

ಬೀದರಿಗೆ ಹೊರಡುವವರಿಗೆ ಕೆಲವು ಮಾತು. ಒಂದು ದಿನ ಸಾಲದು. ಒಂದು ರಾತ್ರಿ ಉಳಿಯುವಂತೆ ಹೋಗಬೇಕು. ಮೊದಲ ದಿನ ಕೋಟೆ ಮತ್ತು ಮದರಸಾ, ಸಂಜೆ ಅಷ್ಟೂರು. ಅಷ್ಟೂರಿನ ಗೋರಿಯೊಳಗೆ ಕತ್ತಲೆ. ಕಾವಲುಗಾರರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಗುಮ್ಮಟದ ಚಿತ್ರಗಳ ಮೇಲೆ ಬೀಳಿಸಿ ತೋರಿಸುವುದುಂಟು, ಆದ್ದರಿಂದ ಸೂರ್ಯ ಇಳಿಯುವ ಮೊದಲೇ ತಲುಪಬೇಕು. ಮರುದಿನ ಬೆಳಿಗ್ಗೆ ಚೌಬಾರಾದ ಬೀದಿಗಳಲ್ಲಿ ನಡೆದು, ಬಿದರಿಯವರ ಮನೆಯಂಗಡಿಯಲ್ಲಿ ಕುಳಿತು ಕೆಲಸ ನೋಡಿ, ನೌಬಾದಿನ ಕರೇಜನ್ನು ನೋಡಿ ಹಿಂದಿರುಗಬಹುದು. ಮನೆಯಲ್ಲಿ ಬೀದರ ಸೀಮೆಯ ಹಿರಿಯರಿದ್ದರೆ ಅವರನ್ನು ಜೊತೆಗೆ ಕರೆದೊಯ್ಯಿರಿ. ಯಾವ ಬಾವಿಯ ನೀರು ಸಿಹಿಯಾಗಿತ್ತು, ಯಾವ ಬಾಗಿಲಿನಿಂದ ಸಂತೆಗೆ ಬರುತ್ತಿದ್ದರು, ಯಾವ ಶಾಲೆಯಲ್ಲಿ ಫಲಕ ಒಂದಾಗಿ ಪಾಠ ಇನ್ನೊಂದಾಗಿತ್ತು ಎಂಬುದನ್ನು ಅವರೇ ತೋರಿಸಬೇಕು. ಇಲಾಖೆಯ ನೀಲಿ ಫಲಕಗಳಲ್ಲಿ ಅದು ಬರೆದಿಲ್ಲ.